ಕಥೆಯೊಳಗಿನವರು ನಮ್ಮ ದಿನದೊಳಗೆ ಬಂದಾಗ

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ, ನನ್ನ ಕಥೆಯೊಂದರ ಟೈಪಿಸ್ಟ್ ಪಾತ್ರ ಇವತ್ತಿಗೂ ನನಗೆ ಮನೆಯಲ್ಲಿ ಸಹಾಯ ಮಾಡುತ್ತಾಳೆ ಎಂದು ಬರೆದಿದ್ದೆ. ಒಂದೇ ಸಾಲು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಹಾಗಾಗಿ ಇಲ್ಲಿನ ಪ್ರಶ್ನೆಗಳೆಲ್ಲ ಕಥೆಯ ಪಾತ್ರಗಳಿಗೂ ನಮ್ಮ ದಿನನಿತ್ಯಕ್ಕೂ ಇರುವ ನಂಟಿನ ಸುತ್ತಲೇ ಇವೆ. ಕೆಲವರು ಹೆಸರು ಬೇಡ ಎಂದಿದ್ದಾರೆ. ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಆ ಟೈಪಿಸ್ಟ್ ನೀವೇ ಕಟ್ಟಿದ ಪಾತ್ರ ಅಲ್ವಾ? ನಿಮಗೆ ಗೊತ್ತಿಲ್ಲದ್ದು ಅವಳಿಗೆ ಹೇಗೆ ಗೊತ್ತಿರುತ್ತದೆ? ನಿಮಗೆ ಗೊತ್ತಿರುವುದೇ ಆದರೆ ಅವಳ ಸಹಾಯ ಯಾಕೆ ಬೇಕು?

ಉತ್ತರ: ನಾನೇ ಕಟ್ಟಿದ್ದು, ನಿಜ. ಆದರೆ ಅವಳನ್ನು ಕಟ್ಟಲು ನನ್ನಲ್ಲಿ ಇದ್ದದ್ದು ಸಾಲಲಿಲ್ಲ. ಹೊರಗಿನಿಂದ ತರಬೇಕಾಯಿತು.

ಆಕೆ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವವಳು. ಕಥೆಯಲ್ಲಿ ಅವಳಿಗೆ ಹೆಸರಿಲ್ಲ, ಎಲ್ಲರೂ ಟೈಪಿಸ್ಟ್ ಎಂದೇ ಕರೆಯುತ್ತಾರೆ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ದಾಖಲಿಸುವುದು ಅವಳ ಕೆಲಸ. ಎದುರಿನವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೂ ಕೈ ನಿಲ್ಲಬಾರದು. ಅಳುವವರನ್ನು ಸಮಾಧಾನ ಮಾಡುವ ಹಾಗಿಲ್ಲ. ಮಾತು ಹಿಂದೆ ಮುಂದೆ ಆದರೆ ಅದನ್ನು ನೇರ ಮಾಡುವ ಹಾಗೂ ಇಲ್ಲ. ನನ್ನ ಸ್ವಭಾವ ಇದಕ್ಕಿಂತ ತೀರಾ ಬೇರೆ. ನನಗೆ ಮಾತು ಬೇಗ ಬರುತ್ತದೆ, ಉತ್ತರ ಇನ್ನೂ ಬೇಗ ಬರುತ್ತದೆ. ಹಾಗಾಗಿ ಅವಳನ್ನು ಬರೆಯಬೇಕಾದರೆ ಅವಳ ಥರ ಕೂರುವುದನ್ನು ಮೊದಲು ಕಲಿಯಬೇಕಿತ್ತು. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ಟೈಪ್ ಮಾಡುವವರ ಮುಖ ನೋಡಿದೆ, ಭುಜ ನೋಡಿದೆ. ಸಾಕ್ಷಿ ಸುಮ್ಮನಾದಾಗ ಅವರ ಬೆರಳುಗಳು ಕೀಲಿಗಳ ಮೇಲೆಯೇ ಕಾಯುತ್ತಿದ್ದವು. ಮುಂದೇನು ಹೇಳುತ್ತಾನೋ ಎಂದು ಊಹಿಸಿ ಮುಂಚೆಯೇ ಹೊಡೆಯುತ್ತಿರಲಿಲ್ಲ. ನನಗೆ ಅಂದು ಬಹಳ ಹಿಡಿಸಿದ್ದು ಆ ಕಾಯುವಿಕೆ.

ಈಗ ಮನೆಯ ವಿಷಯ. ನನ್ನ ಅಮ್ಮನಿಗೆ ಮರೆವು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. "ತಮ್ಮ ಯಾವಾಗ ಬರ್ತಾನೆ?" ನನ್ನ ತಮ್ಮ ದೂರದ ದೇಶದಲ್ಲಿದ್ದಾನೆ, ಬರುವುದಕ್ಕೆ ಇನ್ನೂ ತಿಂಗಳುಗಳಿವೆ. ಉತ್ತರ ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಮರೆವಿನವರ ಜೊತೆ ಇರುವ ಎಲ್ಲರಿಗೂ ಗೊತ್ತು, ಬೇಸರ ಆಗುವುದು ಪ್ರಶ್ನೆಗಲ್ಲ, ಅದರ ಹಿಂದೆ ನಾವು ಮನಸ್ಸಿನಲ್ಲೇ ಇಡುವ ಲೆಕ್ಕಕ್ಕೆ. ಇವತ್ತು ಎಷ್ಟನೇ ಸಲ ಅನ್ನುವ ಲೆಕ್ಕ. ನನ್ನ ಟೈಪಿಸ್ಟ್‌ಗೆ ಆ ಲೆಕ್ಕ ಇಲ್ಲ. ಹೊಸ ಹೇಳಿಕೆಗೆ ಹೊಸ ಹಾಳೆ ಹಾಕುತ್ತಾಳೆ, ಅಷ್ಟೇ. ಅಮ್ಮ ಬಾಯಿ ತೆರೆದಾಗ ನಾನು ಆ ಹಾಳೆಯನ್ನು ನೆನಪಿಸಿಕೊಳ್ಳುತ್ತೇನೆ. ಇದು ಹೊಸ ಹಾಳೆ.

ಹಾಗೆ ಕೇಳಲು ಶುರು ಮಾಡಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಬೆಳಿಗ್ಗೆ ಅಮ್ಮ ಆ ಪ್ರಶ್ನೆ ಕೇಳುವಾಗ ಬಾಗಿಲ ಕಡೆ ನೋಡುತ್ತಿರುತ್ತಾರೆ. ರಾತ್ರಿ ಕೇಳುವಾಗ ನನ್ನ ಕೈ ಹಿಡಿದಿರುತ್ತಾರೆ. ಬೆಳಗಿನದ್ದಕ್ಕೆ ತಾರೀಖು ಹೇಳಿದರೆ ಸಾಕು. ರಾತ್ರಿಯದ್ದಕ್ಕೆ ತಾರೀಖು ಬೇಡ. ಆಗ ತಮ್ಮ ಚಿಕ್ಕವನಿದ್ದಾಗ ಮಾಡುತ್ತಿದ್ದ ಗಲಾಟೆಗಳನ್ನು ನಾನು ಹೇಳುತ್ತೇನೆ, ಅಮ್ಮ ಕೇಳುತ್ತಾ ಮಲಗುತ್ತಾರೆ. ಒಂದೇ ಪ್ರಶ್ನೆ ಅಂದುಕೊಂಡಿದ್ದದ್ದು ಎರಡು ಪ್ರಶ್ನೆಗಳಾಗಿದ್ದವು. ನನ್ನ ಸ್ವಭಾವದಲ್ಲೇ ಇದ್ದಿದ್ದರೆ ಇದು ನನಗೆ ಕಾಣುತ್ತಿರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಪಾತ್ರಕ್ಕೆ ನನಗಿಂತ ಜಾಸ್ತಿ ಗೊತ್ತು ಅಂತಲ್ಲ. ಅವಳು ಕೂತಿರುವ ಜಾಗ ಬೇರೆ. ಅಲ್ಲಿಂದ ಬೇರೆಯದೇ ಕಾಣುತ್ತದೆ.

ಪ್ರಶ್ನೆ: "ಪಾತ್ರಗಳು ತಾವಾಗಿಯೇ ಮಾತಾಡುತ್ತವೆ, ನಾನು ಹೇಳಿದ ಹಾಗೆ ಕೇಳುವುದಿಲ್ಲ" ಎಂದು ಎಷ್ಟೋ ಲೇಖಕರು ವೇದಿಕೆಯ ಮೇಲೆ ಹೇಳುತ್ತಾರೆ. ಇದು ನಿಜವೇ? ನನಗಂತೂ ಸುಮ್ನೆ ಹೇಳುವ ಮಾತು ಅನ್ನಿಸುತ್ತದೆ.

ಉತ್ತರ: ಸುಮ್ನೆ ಹೇಳುವ ಮಾತಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಜೊರಿ ಟೇಲರ್ ಮಕ್ಕಳ ಕಾಲ್ಪನಿಕ ಗೆಳೆಯರ ಬಗ್ಗೆ ಅಧ್ಯಯನ ಮಾಡಿದವರು. ಕೆಲವು ಮಕ್ಕಳು ಕಣ್ಣಿಗೆ ಕಾಣದ ಗೆಳೆಯನ ಜೊತೆ ಆಡುತ್ತಾರಲ್ಲ, ಅದು. ಅದೇ ಕುತೂಹಲದಿಂದ ಅವರು ಮತ್ತು ಜೊತೆಗಾರರು ಕಥೆ ಬರೆಯುವ 50 ಮಂದಿಯನ್ನು ಮಾತಾಡಿಸಿದರು. ಅವರಲ್ಲಿ ಶೇಕಡ 92ರಷ್ಟು ಜನ, ತಮ್ಮ ಪಾತ್ರಗಳು ಸ್ವಂತ ಬುದ್ಧಿ ಇರುವವರ ಹಾಗೆ ನಡೆದುಕೊಂಡ ಅನುಭವ ಒಂದಲ್ಲ ಒಂದು ರೀತಿಯಲ್ಲಿ ಆಗಿದೆ ಎಂದರು. ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದವರು ಎಡಿನ್‌ಬರೋ ಪುಸ್ತಕೋತ್ಸವಕ್ಕೆ ಬಂದಿದ್ದ 181 ಲೇಖಕರನ್ನು ಕೇಳಿದರು. ಅದರ ವರದಿ 2020ರಲ್ಲಿ ಪ್ರಕಟವಾಯಿತು. ಶೇಕಡ 63ರಷ್ಟು ಜನ ಬರೆಯುವಾಗ ಪಾತ್ರಗಳ ದನಿ ಕೇಳಿಸುತ್ತದೆ ಎಂದಿದ್ದರು. ಅಂದರೆ ಎಲ್ಲರಿಗೂ ಕೇಳಿಸುವುದಿಲ್ಲ. ಕೇಳಿಸದವರು ಕೆಳಮಟ್ಟದ ಲೇಖಕರು ಅಂತಲೂ ಅಲ್ಲ.

ಇದರಲ್ಲಿ ಮಂತ್ರ ಏನೂ ಇಲ್ಲ. ಟೇಲರ್ ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಅಭ್ಯಾಸ ಹೆಚ್ಚಾದಾಗ ಯೋಚನೆ ತಾನಾಗಿ ನಡೆಯಲು ಶುರುವಾಗುತ್ತದೆ. ವೀಣೆ ನುಡಿಸುವವರು ಪ್ರತಿ ಸ್ವರಕ್ಕೂ ಬೆರಳನ್ನು ಹುಡುಕುವುದಿಲ್ಲ ಅಲ್ವಾ, ಹಾಗೆ. ಒಬ್ಬಳ ಬಗ್ಗೆ ದಿನಗಟ್ಟಲೆ ಯೋಚಿಸಿದ ಮೇಲೆ, ಅವಳು ಏನು ಹೇಳುತ್ತಾಳೆ ಎಂದು ನಾವು ಹುಡುಕಬೇಕಾಗಿಲ್ಲ. ಹುಡುಕಿದ ಶ್ರಮ ನಮಗೆ ಗೊತ್ತಾಗದ ಕಾರಣ, ಮಾತು ಬೇರೆಲ್ಲಿಂದಲೋ ಬಂದ ಹಾಗೆ ಅನ್ನಿಸುತ್ತದೆ.

ಇಟಲಿಯ ಲುಯಿಜಿ ಪಿರಾಂಡೆಲ್ಲೊ 1911ರ ಒಂದು ಕಥೆಯನ್ನು ಹೀಗೆ ಶುರು ಮಾಡುತ್ತಾರೆ: ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಒಂದು ಗಂಟೆಯವರೆಗೆ ಮುಂದಿನ ಕಥೆಗಳ ಪಾತ್ರಗಳನ್ನು ಭೇಟಿ ಮಾಡುವುದು ತಮ್ಮ ಹಳೆಯ ರೂಢಿ ಎಂದು. ಹತ್ತು ವರ್ಷದ ನಂತರ, 1921ರಲ್ಲಿ, ಲೇಖಕನನ್ನು ಹುಡುಕಿಕೊಂಡು ಆರು ಪಾತ್ರಗಳು ರಂಗದ ಮೇಲೇ ಬಂದುಬಿಡುವ ನಾಟಕವನ್ನು ಅವರು ಬರೆದರು. ರೋಮ್‌ನ ಮೊದಲ ಪ್ರದರ್ಶನದಲ್ಲಿ ಜನ ಕೂಗಾಡಿ ಗಲಾಟೆ ಮಾಡಿದರು. ಇವತ್ತು ಅದು ಜಗತ್ತಿನ ದೊಡ್ಡ ನಾಟಕಗಳಲ್ಲಿ ಒಂದು.

ನಮ್ಮ ಪಂಪನನ್ನೇ ನೋಡಿ. 941ರ ಸುಮಾರಿನ ಮಾತು. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ಭಾರತದ ಕಥೆ ಹೇಳಬೇಕಿತ್ತು. ಅರ್ಜುನನೇ ನಾಯಕ ಎಂದು ಮೊದಲೇ ನಿಶ್ಚಯವಾಗಿತ್ತು. ಹಾಗಿದ್ದರೂ ಕರ್ಣ ಸತ್ತ ಜಾಗಕ್ಕೆ ಬಂದಾಗ ಕವಿ ನಿಂತುಬಿಡುತ್ತಾನೆ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಮನಸ್ಸಿಟ್ಟು ನೆನೆಯುವುದಾದರೆ ಕರ್ಣನನ್ನು ನೆನೆ ಎನ್ನುತ್ತಾನೆ. ಅರ್ಜುನನ ಹೊಗಳಿಕೆಗೆ ಎಂದೇ ಎತ್ತಿಕೊಂಡ ಕಾವ್ಯದಲ್ಲಿ ಇದನ್ನು ಬರೆಯಲು ಎಂಥ ಧೈರ್ಯ ಬೇಕು! ನನಗೆ ಅನ್ನಿಸುವುದು, ಕರ್ಣನ ಜೊತೆ ಅಷ್ಟು ದೃಶ್ಯಗಳಲ್ಲಿ ಇದ್ದ ಮೇಲೆ ಪಂಪನಿಗೆ ಅವನನ್ನು ಸುಮ್ನೆ ದಾಟಿ ಹೋಗಲು ಆಗಲಿಲ್ಲ. ಒಬ್ಬರ ಜೊತೆ ಸಾಕಷ್ಟು ಹೊತ್ತು ಇದ್ದರೆ ನಾವು ಮೊದಲೇ ಮಾಡಿಕೊಂಡ ತೀರ್ಮಾನ ಅಲ್ಲಾಡುತ್ತದೆ. ಕಾವ್ಯದಲ್ಲಿ ನಡೆಯುವ ಇದು ನಮ್ಮ ಮನೆ, ಆಫೀಸುಗಳಲ್ಲೂ ನಡೆಯುತ್ತದೆ.

ನನ್ನ ಗೆಳತಿಯೊಬ್ಬಳು ಕೆಲಸ ಬಿಡುವ ಬಗ್ಗೆ ಮಾತಾಡಲು ಫೋನ್ ಮಾಡುತ್ತಿದ್ದಳು. ಅವಳು ಬಿಡಲೇಬೇಕು ಎನ್ನುವುದು ನನ್ನ ಅಭಿಪ್ರಾಯವಾಗಿತ್ತು. ಆ ದಿನಗಳಲ್ಲಿ ನಾನು ಬರೆಯುತ್ತಿದ್ದ ಒಂದು ಪಾತ್ರ, ನಾನು ಅಂದುಕೊಂಡಿದ್ದಂತೆ ಗಂಡನನ್ನು ಬಿಟ್ಟು ಹೋಗಲು ಒಪ್ಪುತ್ತಿರಲಿಲ್ಲ. ಹಾಳೆಯ ಮೇಲೆ ಅವಳನ್ನು ಹೊರಗೆ ಕಳಿಸಿದಾಗಲೆಲ್ಲ ವಾಕ್ಯಗಳು ಸುಳ್ಳಾಗಿ ಕಾಣುತ್ತಿದ್ದವು. ಯಾಕೆ ಹೋಗುತ್ತಿಲ್ಲ ಎಂದು ಕೇಳಿಕೊಂಡಾಗ ಕಥೆ ಮುಂದೆ ಹೋಯಿತು. ಗೆಳತಿಗೂ ಅದೇ ಪ್ರಶ್ನೆ ಕೇಳಿದೆ. "ಬಿಡು" ಎನ್ನುವ ಬದಲು "ಅಲ್ಲಿ ನಿನ್ನನ್ನು ಹಿಡಿದಿಟ್ಟಿರುವುದು ಏನು?" ಎಂದೆ. ಅವಳು ಬಹಳ ಹೊತ್ತು ಮಾತಾಡಿದಳು. ತಾನು ಕೆಲಸ ಕಲಿಸುತ್ತಿದ್ದ ಇಬ್ಬರು ಹುಡುಗಿಯರ ಬಗ್ಗೆ ಹೇಳಿದಳು. ಆ ವಿಷಯ ಅದುವರೆಗೆ ನಮ್ಮ ಮಾತಿನಲ್ಲಿ ಬಂದೇ ಇರಲಿಲ್ಲ.

ಪ್ರಶ್ನೆ: ಪಾತ್ರಗಳ ಮಾತನ್ನು ಗಟ್ಟಿಯಾಗಿ ಆಡಿ ನೋಡುತ್ತೀರಾ?

ಉತ್ತರ: ಆಡುತ್ತೇನೆ, ಬಾಗಿಲು ಹಾಕಿಕೊಂಡು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಮಗಳು ಮೇಮಿ ಒಂದು ನೆನಪು ಬರೆದಿದ್ದಾರೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಆಕೆ ಅಪ್ಪನ ಬರೆಯುವ ಕೋಣೆಯಲ್ಲೇ ಮಲಗಿದ್ದರಂತೆ. ಡಿಕನ್ಸ್ ಬರೆಯುತ್ತಿದ್ದವರು ಥಟ್ಟನೆ ಎದ್ದು ಕನ್ನಡಿಯ ಮುಂದೆ ಓಡಿ ಮುಖವನ್ನು ಹೇಗೆಲ್ಲಾ ತಿರುಚಿ ನೋಡಿ, ಮತ್ತೆ ಬಂದು ಬರೆದು, ಮತ್ತೆ ಕನ್ನಡಿಗೆ ಹೋಗುತ್ತಿದ್ದರು. ಮಗಳು ಅಲ್ಲಿರುವುದೇ ಅವರಿಗೆ ನೆನಪಿರಲಿಲ್ಲ. ನೀವೂ ಒಮ್ಮೆ ಮಾಡಿ ನೋಡಿ. ಸಿಟ್ಟಿನ ಮಾತನ್ನು ಬಾಯಿಬಿಟ್ಟು ಹೇಳಿದರೆ ಎಲ್ಲಿ ಉಸಿರು ಸಾಲುವುದಿಲ್ಲ ಎಂದು ಗೊತ್ತಾಗುತ್ತದೆ. ವಾಕ್ಯ ಅಲ್ಲಿಗೆ ಮುಗಿಯಬೇಕು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಪತ್ತೇದಾರಿ ಕಥೆಗಳೆಂದರೆ ಪ್ರಾಣ. ಷರ್ಲಾಕ್ ಹೋಮ್ಸ್ ಥರ ಯೋಚಿಸಬೇಕು, ಮಾತಾಡಬೇಕು, ನಡೆಯಬೇಕು ಅಂತ ಪ್ರಯತ್ನ ಮಾಡುತ್ತೇನೆ. ಗೆಳೆಯರು ನಗುತ್ತಾರೆ. ಕಥೆಯ ಪಾತ್ರದ ಹಾಗೆ ಬದುಕಲು ನೋಡುವುದು ತಪ್ಪೇ?

ಉತ್ತರ: ತಪ್ಪಲ್ಲ. ಆದರೆ ಆ ಪಾತ್ರ ಎಲ್ಲಿಂದ ಬಂತು ಎಂದು ತಿಳಿದರೆ ನಿಮ್ಮ ಪ್ರಯತ್ನಕ್ಕೆ ಒಳ್ಳೆಯ ದಾರಿ ಸಿಗುತ್ತದೆ.

ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಅಲ್ಲಿ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯರು ಪಾಠ ಮಾಡುತ್ತಿದ್ದರು. ರೋಗಿ ಬಂದು ನಿಂತರೆ, ಅವನು ಬಾಯಿ ತೆರೆಯುವ ಮೊದಲೇ, ಅವನ ಕೆಲಸ ಏನು, ಎಲ್ಲಿಂದ ಬಂದಿದ್ದಾನೆ ಎಂದು ಬೆಲ್ ಹೇಳುತ್ತಿದ್ದರು. ನಡಿಗೆ, ಕೈ, ಬಟ್ಟೆ, ಇವೇ ಅವರಿಗೆ ಸುಳಿವು. ಡಾಯ್ಲ್ ಈ ಬೆಲ್ ಅವರ ಜೊತೆ ಗುಮಾಸ್ತನ ಹಾಗೆ ಕೆಲಸ ಮಾಡಿದರು. ಹೋಮ್ಸ್ ಮೊದಲ ಸಲ ಅಚ್ಚಾದದ್ದು 1887ರಲ್ಲಿ. 1892ರಲ್ಲಿ ಬಂದ ಮೊದಲ ಕಥಾಸಂಕಲನವನ್ನು ಡಾಯ್ಲ್ ಬೆಲ್ ಅವರಿಗೇ ಅರ್ಪಿಸಿದರು. ಮುಂದೆ 1893ರಲ್ಲಿ ಲೇಖಕರೇ ಹೋಮ್ಸ್‌ನನ್ನು ಕೊಂದರು. ಬೇರೆ ಕೆಲಸಗಳಿಗೆ ಇವನು ಅಡ್ಡಿ ಅನ್ನಿಸಿತ್ತು. ಓದುಗರು ಒಪ್ಪಲಿಲ್ಲ. 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಇಲ್ಲಿ ನೋಡಿ, ಬದುಕಿದ್ದ ಒಬ್ಬ ಮೇಷ್ಟರ ಅಭ್ಯಾಸ ಕಥೆಗೆ ಹೋಯಿತು. ಕಥೆಯಿಂದ ಈಗ ನಿಮ್ಮ ಹತ್ತಿರ ಬಂದಿದೆ. ಹಾಗಾಗಿ ನೀವು ತೆಗೆದುಕೊಳ್ಳಬೇಕಾದದ್ದು ಅವನ ನಡಿಗೆಯಲ್ಲ, ಬೆಲ್ ಅವರ ಆ ಅಭ್ಯಾಸ. ಗಮನ ಇಟ್ಟು ನೋಡುವುದು. ಬಸ್ಸಿನಲ್ಲಿ ಎದುರು ಕೂತವರ ಕೈ ನೋಡಿ, ಅವರ ಕೆಲಸ ಏನಿರಬಹುದು ಎಂದು ಊಹಿಸಿ. ಪರಿಚಯದವರ ಬಗ್ಗೆಯೂ ಊಹೆ ಮಾಡಿ, ಆಮೇಲೆ ಅವರನ್ನೇ ಕೇಳಿ. ಊಹೆ ಸರಿಯಾದರೆ ಸಂತೋಷ, ಸರಿ. ಆದರೆ ತಪ್ಪಾದಾಗಲೇ ನಿಮಗೆ ಲಾಭ ಜಾಸ್ತಿ. ಯಾವ ಸುಳಿವನ್ನು ನೀವು ಬೇಗ ನಂಬಿದಿರಿ ಎಂದು ಆಗ ತಿಳಿಯುತ್ತದೆ. ಬಡ ಬಟ್ಟೆ ನೋಡಿ ಓದಿಲ್ಲ ಅಂದುಕೊಂಡಿರಾ? ಜೋರು ದನಿ ಕೇಳಿ ಕೋಪ ಅಂದುಕೊಂಡಿರಾ? ಅವರಿಗೆ ಕಿವಿ ಸರಿಯಾಗಿ ಕೇಳಿಸದೇ ಇರಬಹುದು. ಹೋಮ್ಸ್ ಕಥೆಯಲ್ಲಿ ಲೇಖಕರು ಉತ್ತರವನ್ನು ಮೊದಲೇ ಇಟ್ಟಿರುತ್ತಾರೆ. ನಮಗೆ ಆ ಅನುಕೂಲ ಇಲ್ಲ, ಆದ್ದರಿಂದ ಕೇಳಿ ತಿಳಿಯಲೇಬೇಕು.

ಗೆಳೆಯರು ನಗಲಿ ಬಿಡಿ. ನಾಲ್ಕು ನೂರು ವರ್ಷಗಳ ಹಿಂದೆ, 1605ರಲ್ಲಿ, ವೀರರ ಕಥೆ ಓದಿ ಓದಿ ತಾನೇ ವೀರನಾಗಿ ಹೊರಟ ಒಬ್ಬ ಮುದುಕನ ಕಾದಂಬರಿ ಸ್ಪೇನ್‌ನಲ್ಲಿ ಬಂತು. ದಾನ್ ಕಿಹೋತೆ ಅವನ ಹೆಸರು. ಅವನನ್ನು ನೋಡಿ ನಕ್ಕವರ ಹೆಸರುಗಳು ಯಾರಿಗೂ ನೆನಪಿಲ್ಲ. ಆದರೆ ಅವನ ಜೊತೆ ಸಾಂಚೊ ಎಂಬ ನೆರೆಯವನೊಬ್ಬ ಇದ್ದ ಎನ್ನುವುದನ್ನು ಮರೆಯಬೇಡಿ. ಎದುರಿಗಿರುವುದು ರಾಕ್ಷಸರಲ್ಲ, ಗಾಳಿಯಂತ್ರಗಳು ಎಂದು ಹೇಳುವ ಗೆಳೆಯ. ನಿಮಗೂ ಅಂಥವನೊಬ್ಬ ಇದ್ದರೆ ಅವನ ಮಾತು ಕೇಳಿ.

ಪ್ರಶ್ನೆ: ನನಗೆ ಯಾವಾಗಲೂ ಕೆಟ್ಟ ಪಾತ್ರಗಳೇ ಇಷ್ಟವಾಗುತ್ತವೆ. ನನ್ನಲ್ಲೇನಾದರೂ ದೋಷ ಇದೆಯೇ?

ಉತ್ತರ: ಇಲ್ಲ. ಕೆಟ್ಟ ಪಾತ್ರ ತನಗೆ ಏನು ಬೇಕು ಎಂದು ಬಾಯಿಬಿಟ್ಟು ಹೇಳುತ್ತದೆ. ಒಳ್ಳೆಯವರು ಬಹಳ ಸಲ ಹೇಳುವುದಿಲ್ಲ. ನಿಮಗೆ ಇಷ್ಟವಾಗುವುದು ಆ ಬಾಯಿಬಿಡುವಿಕೆಯೇ ಇರಬಹುದು. ಹಾಗಿದ್ದರೆ ನಿಮಗೆ ಬೇಕಾದ ಯಾವುದನ್ನೋ ನೀವು ಹತ್ತಿರದವರಿಗೆ ಹೇಳಿಲ್ಲ ಎಂದು ಅರ್ಥ. ಯೋಚಿಸಿ ನೋಡಿ.

ನಾನು ಒಮ್ಮೆ ಹೊಟ್ಟೆಕಿಚ್ಚಿನ ಅಕ್ಕನ ಪಾತ್ರ ಬರೆದೆ. ಅವಳ ಪ್ರತಿ ಕೆಲಸಕ್ಕೂ ಅವಳ ಕಡೆಯಿಂದ ನ್ಯಾಯವಾದ ಕಾರಣ ಹುಡುಕಬೇಕಾಯಿತು. ಕಾರಣ ಇಲ್ಲದಿದ್ದರೆ ಅವಳು ಬರೀ ಗೊಂಬೆಯಾಗುತ್ತಿದ್ದಳು. ಹಾಗೆ ಹುಡುಕಿದ್ದರಿಂದ ಹೊಟ್ಟೆಕಿಚ್ಚು ಯಾವ ಯಾವ ವೇಷದಲ್ಲಿ ಬರುತ್ತದೆ ಎಂದು ಚೆನ್ನಾಗಿ ಗೊತ್ತಾಯಿತು. "ಆ ಪುಸ್ತಕಕ್ಕೆ ಅಷ್ಟು ದೊಡ್ಡ ಬಹುಮಾನ ಬೇಕಿತ್ತಾ" ಎನ್ನುವ ಸಾಲು ಮನಸ್ಸಿನಲ್ಲಿ ಬಂದ ಕೂಡಲೇ, ಇದು ಆ ಅಕ್ಕನ ಮಾತು ಎಂದು ಗುರುತಿಸುತ್ತೇನೆ. ಗುರುತಿಸಿದ ದಿನವೇ ಫೋನ್ ಮಾಡಿ ಅಭಿನಂದನೆ ಹೇಳುತ್ತೇನೆ. ಮಾತಾಡುತ್ತಾ ಹೋದಂತೆ ಆ ಅಭಿನಂದನೆ ನಿಜವೂ ಆಗುತ್ತದೆ.

ಪ್ರಶ್ನೆ: ದುಃಖದ ಕಾದಂಬರಿ ಓದಿದರೆ ನನಗೆ ವಾರಗಟ್ಟಲೆ ಅದೇ ಗುಂಗು. ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮನೆಯವರು "ಅದು ಬರೀ ಕಥೆ" ಎನ್ನುತ್ತಾರೆ. ಓದುವುದನ್ನು ನಿಲ್ಲಿಸಬೇಕೇ? ಬರೆಯುವ ನೀವು ಇದನ್ನು ಹೇಗೆ ತಡೆದುಕೊಳ್ಳುತ್ತೀರಿ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. "ಬರೀ ಕಥೆ" ಎಂಬ ಮಾತು ನನಗೆ ನೋವು ಕೊಡುತ್ತದೆ, ಯಾಕೆಂದರೆ ದೇಹಕ್ಕೆ ಅದು ಬರೀ ಕಥೆ ಅಲ್ಲ. ಫ್ರಾನ್ಸ್‌ನ ಗುಸ್ತಾವ್ ಫ್ಲೊಬೇರ್ ತಮ್ಮ ಕಾದಂಬರಿಯ ನಾಯಕಿ ವಿಷ ತೆಗೆದುಕೊಳ್ಳುವ ಭಾಗ ಬರೆಯುವಾಗ ತಮ್ಮ ಬಾಯಲ್ಲೇ ಆರ್ಸೆನಿಕ್ ರುಚಿ ಬಂತು, ಹೊಟ್ಟೆ ಕೆಟ್ಟು ವಾಂತಿಯೂ ಆಯಿತು ಎಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಡಿಕನ್ಸ್ ವಾರವಾರ ಬರುತ್ತಿದ್ದ ಕಾದಂಬರಿಯಲ್ಲಿ ನೆಲ್ ಎಂಬ ಪುಟ್ಟ ಹುಡುಗಿಯ ಸಾವನ್ನು ಬರೆಯಬೇಕಾದಾಗ ಸಂಕಟಪಟ್ಟರು. ಅದು 1841. ಅದಕ್ಕೆ ನಾಲ್ಕು ವರ್ಷ ಮುಂಚೆ ಅವರ ಹೆಂಡತಿಯ ತಂಗಿ ಮೇರಿ, 17ರ ಹುಡುಗಿ, ಥಟ್ಟನೆ ತೀರಿಕೊಂಡಿದ್ದಳು. ಕಥೆಯ ಸಾವು ಬರೆಯುವಾಗ ಆ ಸಾವು ಮತ್ತೆ ಎದುರು ಬಂತು ಎಂದು ಗೆಳೆಯನಿಗೆ ಬರೆದರು.

ನಿಮ್ಮ ವಿಷಯದಲ್ಲೂ ಇದನ್ನೇ ನೋಡಿ ಎನ್ನುತ್ತೇನೆ. ಆ ಕಾದಂಬರಿಯ ಯಾವ ಪುಟದಲ್ಲಿ ನಿಮಗೆ ತಡೆಯಲಾಗಲಿಲ್ಲ? ಅಲ್ಲಿ ಯಾರು ನೆನಪಾದರು? ಅನೇಕ ಸಲ ನಾವು ಪಾತ್ರಕ್ಕಾಗಿ ಅಳುತ್ತಿರುವ ಹಾಗೆ ಕಾಣುತ್ತದೆ, ಒಳಗೆ ನಮ್ಮವರೇ ಯಾರೋ ಇರುತ್ತಾರೆ. ನನ್ನ ಅಪ್ಪ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಓಡಾಟ, ಕಾಗದಪತ್ರ, ಬಂದವರನ್ನು ನೋಡಿಕೊಳ್ಳುವುದು, ಇದರಲ್ಲೇ ದಿನ ಕಳೆಯಿತು. ಬಹಳ ಸಮಯದ ನಂತರ ಒಂದು ಕಥೆಯಲ್ಲಿ ಒಬ್ಬ ಮುದುಕ ತನ್ನ ಕನ್ನಡಕವನ್ನು ಹುಡುಕುತ್ತಾ ಮನೆಯೆಲ್ಲ ಓಡಾಡುವ ದೃಶ್ಯ ಬರೆಯುತ್ತಿದ್ದೆ. ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅಲ್ಲಿ ಅಳು ಬಂತು, ನಿಲ್ಲಲೇ ಇಲ್ಲ. ಅಪ್ಪನೂ ಹಾಗೇ ಹುಡುಕುತ್ತಿದ್ದರು. ಆ ಮುದುಕನ ಉಪಕಾರ ನಾನು ಮರೆಯುವುದಿಲ್ಲ.

ಇನ್ನು ಹೊರಗೆ ಬರುವ ಬಗೆ. ನಾನು ಭಾರದ ದೃಶ್ಯವನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಬರೆದ ಮೇಲೆ ಕಥೆಯ ಬೇರೊಬ್ಬ ಪಾತ್ರ ಏನು ಮಾಡುತ್ತಿದ್ದಾನೆ ಎಂದು ನಾಲ್ಕು ಸಾಲು ಬರೆದು ಪುಸ್ತಕ ಮುಚ್ಚುತ್ತೇನೆ. ನೀವು ಓದುವಾಗಲೂ ಹಾಗೇ ಮಾಡಿ. ಸಾವಿನ ಪುಟಕ್ಕೆ ನಿಲ್ಲಿಸಿ ಮಲಗಬೇಡಿ, ಮುಂದಿನ ಅಧ್ಯಾಯದ ಸ್ವಲ್ಪ ಓದಿ ನಿಲ್ಲಿಸಿ. ಆಮೇಲೆ ಕೈಗೆ ಕೆಲಸ ಕೊಡಿ. ಬಟ್ಟೆ ಮಡಚುವುದು, ಕಪಾಟು ಒರೆಸುವುದು, ಏನಾದರೂ ಸರಿ. ಆದರೆ ನಿದ್ದೆ, ಊಟ ಎರಡೂ ತಪ್ಪಿ ಅದು ವಾರಗಟ್ಟಲೆ ಹಾಗೇ ಮುಂದುವರಿದರೆ, ಅದನ್ನು ಪುಸ್ತಕದ ತಲೆಗೆ ಕಟ್ಟದೆ ವೈದ್ಯರ ಹತ್ತಿರ ಮಾತಾಡಿ.

ಪ್ರಶ್ನೆ: ಕಥೆ ಓದಿದರೆ ಜನ ಒಳ್ಳೆಯವರಾಗುತ್ತಾರೆ ಎಂದು ವಿಜ್ಞಾನವೇ ಹೇಳಿದೆಯಂತೆ. ಹೌದೇ?

ಉತ್ತರ: 2013ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅಂಥದ್ದೊಂದು ಪ್ರಯೋಗ ಪ್ರಕಟಿಸಿದರು. ಒಳ್ಳೆಯ ಕಥೆಯ ತುಣುಕು ಓದಿದವರು ಬೇರೆಯವರ ಮನಸ್ಸಿನ ಭಾವ ಗುರುತಿಸುವ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. ಬಹಳ ಸುದ್ದಿಯಾಯಿತು. ಆಮೇಲೆ ಬೇರೆ ತಂಡಗಳು ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ಒಮ್ಮೆ ಸ್ವಲ್ಪ ಹೊತ್ತು ಓದಿದ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆ ಎಂದು ನಾನೂ ನಂಬುವುದಿಲ್ಲ. ವರ್ಷಗಟ್ಟಲೆ ಓದಿಯೂ ಮನೆಯವರ ಮಾತಿಗೆ ಕಿವಿ ಕೊಡದವರನ್ನು ನೋಡಿದ್ದೇನೆ. ಕಥೆ ಬೇರೆಯವರ ಜಾಗ ತೋರಿಸುತ್ತದೆ. ಎದ್ದು ಹೋಗಿ ಅಲ್ಲಿ ನಿಲ್ಲುವ ಕೆಲಸ ಓದುಗರದ್ದೇ.

ಪ್ರಶ್ನೆ: ಆಫೀಸ್ ಕೆಲಸ, ಮನೆ, ಮಕ್ಕಳು. ಬರೆಯಲು ಸಮಯವೇ ಇಲ್ಲ. ಆದರೆ ತಲೆಯಲ್ಲಿ ಒಬ್ಬ ಮನುಷ್ಯ ಓಡಾಡುತ್ತಿದ್ದಾನೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಅವನು ಓಡಾಡುತ್ತಿದ್ದರೆ ಬರವಣಿಗೆ ಆಗಲೇ ಶುರುವಾಗಿದೆ.

ಆಂಟನಿ ಟ್ರಾಲಪ್ ಇಂಗ್ಲಿಷ್ ಕಾದಂಬರಿಕಾರ. ಅಂಚೆ ಇಲಾಖೆಯಲ್ಲಿ ದಶಕಗಳ ಕಾಲ ಕೆಲಸ ಮಾಡುತ್ತಲೇ ಒಂದರ ಮೇಲೊಂದು ಕಾದಂಬರಿ ಬರೆದರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದರು. ಗಡಿಯಾರ ಎದುರಿಗೆ ಇಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ. ಇದನ್ನು ಓದಿದ ಹಲವರು ಅವರನ್ನು ಯಂತ್ರ ಎಂದರು. ಅದು ಅನ್ಯಾಯ. ಅವರ ಆತ್ಮಕಥೆ ಪೂರ್ತಿ ಓದಿದವರಿಗೆ ಬೇರೆ ಚಿತ್ರ ಸಿಗುತ್ತದೆ. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದ ಹುಡುಗ ಅವರು. ಒಬ್ಬರೇ ಇರುವಾಗ ತಲೆಯೊಳಗೆ ಕಥೆ ಕಟ್ಟಿಕೊಳ್ಳುತ್ತಿದ್ದರು. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸುತ್ತಿದ್ದರು. ಅದಕ್ಕೆ ತಾವೇ ನಿಯಮ ಹಾಕಿಕೊಂಡಿದ್ದರು. ನಡೆಯಲಾರದ್ದು ಯಾವುದೂ ಅದರಲ್ಲಿ ಬರಬಾರದು. ಈ ರೂಢಿ ಇಲ್ಲದಿದ್ದರೆ ತಾವು ಕಾದಂಬರಿ ಬರೆಯುತ್ತಿದ್ದೆವೋ ಇಲ್ಲವೋ ಎಂದು ಅವರೇ ಹೇಳಿದ್ದಾರೆ. ಬೆಳಗಿನ ಪದಗಳ ಲೆಕ್ಕ ಸಾಧ್ಯವಾದದ್ದು ಉಳಿದ ಹೊತ್ತಿನಲ್ಲಿ ಪಾತ್ರಗಳು ಜೊತೆಗಿದ್ದ ಕಾರಣದಿಂದ.

ಇದೇ ಟ್ರಾಲಪ್ ಒಂದು ದಿನ ಕ್ಲಬ್ಬಿನಲ್ಲಿ ಕೂತಿದ್ದಾಗ, ಇಬ್ಬರು ಪಾದ್ರಿಗಳು ಅವರ ಕಾದಂಬರಿಗಳನ್ನು ಬೈಯುವುದು ಕೇಳಿಸಿತು. ಬಂದ ಪಾತ್ರಗಳೇ ಮತ್ತೆ ಮತ್ತೆ ಬರುತ್ತವೆ, ಅದರಲ್ಲೂ ಆ ಜೋರುಬಾಯಿಯ ಮಿಸೆಸ್ ಪ್ರೌಡಿ ಸಾಕಾಗಿದ್ದಾಳೆ ಎಂದು. ಟ್ರಾಲಪ್ ಎದ್ದು ನಿಂತು, ಮನೆಗೆ ಹೋಗಿ ವಾರದೊಳಗೆ ಅವಳನ್ನು ಕೊಲ್ಲುತ್ತೇನೆ ಎಂದರು. 1867ರಲ್ಲಿ ಪುಸ್ತಕವಾಗಿ ಮುಗಿದ ಕಾದಂಬರಿಯಲ್ಲಿ ಅವಳು ಸತ್ತಳು. ಆಮೇಲೆ ಆಕೆಯನ್ನು ಬಿಟ್ಟಿರಲು ಅವರಿಗೆ ಕಷ್ಟವಾಯಿತು. ಅವಳ ನೆರಳಿನ ಜೊತೆ ಈಗಲೂ ಬಹಳ ಹೊತ್ತು ಇರುತ್ತೇನೆ ಎಂದು ಬರೆದರು. ಪಾತ್ರದ ಬಗ್ಗೆ ಲೇಖಕನೊಬ್ಬ ಹೇಳಿದ ಮಾತುಗಳಲ್ಲಿ ಇಷ್ಟು ಪ್ರೀತಿಯದ್ದನ್ನು ನಾನು ಕಂಡಿಲ್ಲ.

ನಿಮಗೆ ಬೆಳಿಗ್ಗೆ ಐದೂವರೆ ಆಗುವುದಿಲ್ಲ ಎಂದು ಗೊತ್ತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಸಲಹೆ ಕೊಡುವುದು ಸರಿಯಲ್ಲ. ನಾನು ಹೇಳುವುದು ಇಷ್ಟು. ನಿಮ್ಮ ತಲೆಯಲ್ಲಿರುವ ಆ ಮನುಷ್ಯನನ್ನು ದಿನವೂ ಒಂದು ಕಡೆ ಜೊತೆಗೆ ಕರೆದುಕೊಂಡು ಹೋಗಿ. ಇವತ್ತು ಆಫೀಸಿನಲ್ಲಿ ಬಾಸ್ ಎಲ್ಲರೆದುರು ಬೈದರೆ, ಅವನಾಗಿದ್ದರೆ ಏನು ಮಾಡುತ್ತಿದ್ದ? ತಲೆ ತಗ್ಗಿಸುತ್ತಿದ್ದನೇ? ಆಮೇಲೆ ಮನೆಗೆ ಹೋಗಿ ಯಾರ ಮೇಲೆ ರೇಗುತ್ತಿದ್ದ? ಮಗು ಮಲಗುವ ಮುನ್ನ ಮತ್ತೊಂದು ಕಥೆ ಹೇಳು ಎಂದು ಹಟ ಹಿಡಿದರೆ ಅವನಿಗೆ ತಾಳ್ಮೆ ಇರುತ್ತಿತ್ತೇ? ಉತ್ತರ ಹೊಳೆದಾಗ ಮೊಬೈಲಿನಲ್ಲಿ ಒಂದು ಸಾಲು ಬರೆದಿಡಿ. ಚೆಂದದ ವಾಕ್ಯ ಬೇಡ, ನಡೆದದ್ದು ಮಾತ್ರ. ಹೀಗೆ ಮಾಡಿದರೆ ನಿಮ್ಮ ದಿನ ಅವನಿಗೆ ಸಿಗುತ್ತದೆ. ಬೈಸಿಕೊಂಡ ಹೊತ್ತಿನಲ್ಲಿ ನಿಮಗೂ ಒಬ್ಬ ಜೊತೆಗಾರ ಸಿಗುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ ಆ ಸಾಲುಗಳನ್ನು ಒಟ್ಟಿಗೆ ಓದಿ, ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಸದ್ಯಕ್ಕೆ ನಿಮ್ಮ ಜೊತೆ ಯಾರಿದ್ದಾರೆ?

ಉತ್ತರ: ಒಬ್ಬಳು ದುಭಾಷಿ. ಆಸ್ಪತ್ರೆಯಲ್ಲಿ ಡಾಕ್ಟರ್ ಒಂದು ಭಾಷೆ, ರೋಗಿ ಇನ್ನೊಂದು ಭಾಷೆ. ನಡುವೆ ಇವಳು. ಕೆಟ್ಟ ಸುದ್ದಿ ಡಾಕ್ಟರ ಬಾಯಿಂದ ಬಂದರೂ ರೋಗಿಗೆ ತಲುಪುವುದು ಇವಳ ದನಿಯಲ್ಲಿ. ಇವಳು ಬಂದ ಮೇಲೆ ನಾನು ಯಾವುದೇ ವಿಷಯ ಹೇಳುವ ಮುನ್ನ ಕೇಳುವವರು ಕೂತಿದ್ದಾರೋ ನಿಂತಿದ್ದಾರೋ ನೋಡುತ್ತೇನೆ. ನಿಂತಿದ್ದರೆ ಮೊದಲು ಕುರ್ಚಿ ಎಳೆದು ಕೊಡುತ್ತೇನೆ. ಕಥೆಯಲ್ಲಿ ಒಬ್ಬ ರೋಗಿಯ ಹೆಂಡತಿ ಅವಳ ಕೈ ಹಿಡಿದು, ಅವರಿಗೆ ಪೂರ್ತಿ ಹೇಳಬೇಡಮ್ಮ ಎಂದು ಕೇಳಿಕೊಂಡಿದ್ದಾಳೆ. ಅವಳು ಹೇಳುತ್ತಾಳೋ ಇಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಆಸ್ಪತ್ರೆಯಲ್ಲಿ ಇಂಥ ಕೆಲಸ ಮಾಡುವ ಓದುಗರು ಯಾರಾದರೂ ಇದ್ದರೆ, ಅಂಥ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಎಂದು ದಯವಿಟ್ಟು ನನಗೆ ಬರೆದು ತಿಳಿಸಿ.